ಅದಕ್ಕೆ ಟೆನ್ಶನ್ ಅಂದೆವು

ಹುಣಸಗಿ
12-1-1997, ಭಾನುವಾರ

ಚಿ. ದೇವಕಮ್ಮನಿಗೆ,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ರೊಟ್ಟಿ ಬಡಿದೆ. ನಿನ್ನ ಮಾವ ಕುರಿ ಹೊಡೆದುಕೊಂಡು ಹೋದ ಮೇಲೆ ದೊಡ್ಡಿಯ ಕಸ ಬಳಿದು, ಎಳೆ ಮರಿಗಳಿಗೆ ಸೊಪ್ಪು ಕಟ್ಟಿ, ಈಗ ಹೊಸ್ತಿಲ ಬೆಳಕಿಗೆ ಕುಳಿತಿದ್ದೇನೆ. ದಿನವೂ ಈ ಹೊತ್ತಿಗೆ ನಾಲ್ಕು ಸಾಲು ಬರೆದಿಡುವುದು ನನ್ನ ರೂಢಿ, ನಿನಗೆ ಗೊತ್ತೇ ಇದೆ. ಇವತ್ತು ಅದನ್ನು ಬಿಟ್ಟು ನಿನಗೆ ಬರೆಯುತ್ತಿದ್ದೇನೆ.

ಈ ಹಾಳೆಗೆ ಮೊದಲು ಎರಡು ಹಾಳೆ ಹರಿದೆ. ‘ಚಿ.’ ಎಂದು ಬರೆದ ಕೂಡಲೇ ಕೈ ತಾನಾಗಿ ‘ಸೌ.’ ಬರೆಯಲು ಹೋಗುತ್ತದೆ. ನೀನು ತವರಿಗೆ ಹೋದಾಗಲೆಲ್ಲ ಹಾಗೇ ಬರೆದ ಕೈ ಇದು. ಈಗ ‘ಚಿ.’ ಒಂದನ್ನೇ ಬಿಟ್ಟಿದ್ದೇನೆ. ಮುಂದೆ ಖಾಲಿ ಕಂಡರೆ ತಪ್ಪು ತಿಳಿಯಬೇಡ.

ಗುರುವಾರ ಎಳ್ಳ ಅಮಾವಾಸ್ಯೆ ಆಯಿತು. ಊರೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬೆಳೆಗೆ ಚರಗದ ಎಡೆ ಚೆಲ್ಲಿ ಬಂದರು. ನಮ್ಮ ಮನೆಯಲ್ಲಿ ಈ ವರ್ಷ ಹಬ್ಬ ಇಲ್ಲ. ಬಳೆಯ ಖಾಸಿಂಬೀ ಅಕ್ಕ ಯಾರದೋ ಹೊಲದಲ್ಲಿ ಕೊಟ್ಟ ಸಜ್ಜೆ ಕಡುಬು ತಂದು ಕೊಟ್ಟಳು. ನಿನ್ನ ಮಾವ ಒಂದನ್ನು ಮುರಿದು ನೋಡಿ ಹಾಗೇ ಇಟ್ಟರು.

ದೀಪಾವಳಿ ಆದ ವಾರ, ಕುರಿ ತೊಳೆಯಲು ಹೋದ ನನ್ನ ಮಗನನ್ನು ಕಾಲುವೆ ಎಳೆದುಕೊಂಡಾಗ, ನೀನು ಸುರಪುರದ ಆಸ್ಪತ್ರೆಯಲ್ಲಿ ವಿಷಮಜ್ವರದಲ್ಲಿ ಮಲಗಿದ್ದೆ. ಅಲ್ಲಿಂದಲೇ ನಿನ್ನ ಅಣ್ಣ ತಿಮ್ಮಣ್ಣ ನಿನ್ನನ್ನು ರಂಗಂಪೇಟೆಗೆ ಕರೆದುಕೊಂಡು ಹೋದ. ಆಗಿನ ನಿನ್ನ ಮೈಸ್ಥಿತಿಗೆ ಅದೇ ಸರಿ. ಊರಿನ ಹೆಂಗಸರೆಲ್ಲ ಬಂದು ನನ್ನ ಕೊರಳು ಹಿಡಿದು ಅತ್ತು ಹೋದರು. ಬಾರದೆ ಉಳಿದವಳು ನೀನೊಬ್ಬಳೇ. ನಾನೇ ಬರೋಣವೆಂದರೆ ನಿಮ್ಮ ಮನೆಯಲ್ಲಿ ಬಾಣಂತಿ ಇದ್ದಾಳೆ, ಹಸುಗೂಸು ಇದೆ. ನೀನು ಆ ಮನೆಯ ಮಗಳು, ನಿನಗೆ ಅಡ್ಡಿಯಿಲ್ಲ; ವರ್ಷ ತುಂಬದ ಸೂತಕದ ಹೊರಗಿನವಳು ನಾನು ಆ ಹೊಸ್ತಿಲು ದಾಟಬಾರದು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ತಿಮ್ಮಣ್ಣ ಸಿಕ್ಕಿದ್ದ. “ದೇವಕಮ್ಮ ಯಾವಾಗ ಬರ್ತಾಳಪ್ಪ?” ಎಂದು ಕೇಳಿದೆ.

“ಆಕಿಗಿ ಟೆನ್ಶನ್ ಆಗೇದ್ರಿ ಅತ್ತಿ. ಡಾಕ್ಟರ್ ಗುಳಿಗಿ ಕೊಟ್ಟಾರ. ಕಡಿಮಿ ಆತಂದ್ರ ನಾನ ಕರ್ಕೊಂಡು ಬರ್ತೀನಿ” ಎಂದ.

ಜ್ವರವಾದರೆ ಇಷ್ಟು ದಿನಕ್ಕೆ ಇಳಿಯುತ್ತದೆ ಎಂದು ಅಂದಾಜು ಸಿಗುತ್ತದೆ. ಈ ಟೆನ್ಶನ್ ಎಂಬುದು ಮೈಯಲ್ಲಿ ಎಲ್ಲಿ ಇರುತ್ತದೆ, ಎಷ್ಟು ದಿನ ಇರುತ್ತದೆ? ನೀನು ಎಸ್ಸೆಸ್ಸೆಲ್ಸಿ ಓದಿದವಳು. ತಿಳಿಸಿ ಬರೆ.

ನಿನ್ನ ಅತ್ತೆ,
ಬಾಲಮ್ಮ


ರಂಗಂಪೇಟೆ
20-1-1997

ಅತ್ತೆಯವರಿಗೆ ದೇವಕಮ್ಮನ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ನನಗೆ ಏನೂ ಆಗಿಲ್ಲ. ಬರೀ ಟೆನ್ಶನ್. ಅದೇನು ದೊಡ್ಡ ರೋಗವಲ್ಲ. ಈ ಮನೆಯಲ್ಲಿ ಎಲ್ಲರಿಗೂ ಇದೆ. ಕೂಸು ಅತ್ತರೆ ಲಾಲಮ್ಮ ಅತ್ತಿಗೆಗೆ ಟೆನ್ಶನ್. ಕೂಸು ಅಳದೆ ಬಹಳ ಹೊತ್ತು ಮಲಗಿದರೂ ಟೆನ್ಶನ್. ನಳದ ನೀರು ಬರದಿದ್ದರೆ ಅಣ್ಣನಿಗೆ. ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆಯದು. ನನ್ನದು ಅಂಥದೇ ಒಂದು ಎಂದು ತಿಳಿಯಿರಿ.

ಗುಳಿಗೆ ತೆಗೆದುಕೊಂಡರೆ ನಿದ್ದೆ ಬರುತ್ತದೆ. ಮಧ್ಯಾಹ್ನ ಹೊಲಿಗೆ ಕಲಿಯಲು ಹೋಗುತ್ತೇನೆ. ಜಂಪರಿನ ತೋಳು ಕೂಡಿಸುವುದು ಇನ್ನೂ ಬಂದಿಲ್ಲ, ಕಲಿಸುವವರಿಂದ ಬೈಸಿಕೊಳ್ಳುತ್ತೇನೆ.

ಮಾವನವರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಾ? ಕುರಿ ತೊಳೆದು ಉಣ್ಣೆ ಕತ್ತರಿಸುವ ಕಾಲ ಹತ್ತಿರ ಬಂತು. ಆ ಕುಂಟ ಕುರಿ ಈದಿತಾ?

‘ಚಿ.’ ಮುಂದೆ ಖಾಲಿ ಬಿಟ್ಟದ್ದು ನೋಡಿದೆ. ತಪ್ಪು ತಿಳಿದಿಲ್ಲ.

ನಿಮ್ಮ ಸೊಸೆ,
ದೇವಕಮ್ಮ


ಹುಣಸಗಿ
2-2-1997, ಭಾನುವಾರ

ಚಿ. ದೇವಕಮ್ಮನಿಗೆ,

ಸಂಜೆ ನಾಲ್ಕು ಗಂಟೆ. ಇವತ್ತು ಜೋಳ ಹಸನು ಮಾಡಿದೆ, ನಿನ್ನ ಮಾವನ ಕಂಬಳಿಯ ಅಂಚು ಹೊಲಿದೆ. ಕುಂಟ ಕುರಿ ಎರಡು ಮರಿ ಹಾಕಿದೆ. ಒಂದು ಪೂರ್ತಿ ಕರಿ. ಇನ್ನೊಂದಕ್ಕೆ ಹಣೆಯ ಮೇಲೆ ಬಿಳಿ ಮಚ್ಚೆ.

ನೀನು ಬರೆದದ್ದನ್ನು ಓದಿದ ಮೇಲೂ ನನಗೆ ಸಮಾಧಾನವಾಗಲಿಲ್ಲ. ಕಂಡವರನ್ನೆಲ್ಲ ಕೇಳುತ್ತಿದ್ದೇನೆ. ಸುರಪುರದ ಬಸ್ಸಿನ ಕಂಡಕ್ಟರ್ ಮೈನುದ್ದೀನ ಚಹಾ ಕುಡಿಯುತ್ತ ನಿಂತಿದ್ದ.

“ಟೆನ್ಶನ್ ಅಂದ್ರ ಏನೋ ಮೈನುದ್ದೀನ?”

“ಅದಾ? ಬಸ್ಸಿನ್ಯಾಗ ನಿಲ್ಲಾಕ ಜಾಗಾ ಇಲ್ಲ, ಎಲ್ಲಾರ ಕೈಯಾಗ ನೂರರ ನೋಟು, ನನ್ನ ಚೀಲದಾಗ ಚಿಲ್ರಿ ಇಲ್ಲ. ಮ್ಯಾಲ ಒಬ್ಬಾಕಿ ಕೋಳಿ ಬ್ಯಾರೆ ಹಿಡ್ಕೊಂಡು ಹತ್ತತಾಳ. ಅದು ನೋಡಮ್ಮಾ ಟೆನ್ಶನ್.”

“ಅದು ಹೋಗೂದು ಯಾವಾಗ?”

“ಡ್ಯೂಟಿ ಮುಗೀತಂದ್ರ ಹೋತು. ನೀ ಟೆನ್ಶನ್ ನಕ್ಕೋ, ತಗೋಬ್ಯಾಡ” ಎಂದು ನಕ್ಕ.

ಭಗವಂತರಾಯ ಗೊತ್ತಲ್ಲ, ನಮ್ಮ ಒಣಹೊಲದ ಕೆಳಗೆ, ಕಾಲುವೆಯ ನೀರು ಹತ್ತುವ ಕಡೆ ಭತ್ತ ಹಚ್ಚುವವರು. ಅವರು ಮನೆ ಮುಂದೆ ಬಂದು ನಿಂತರು. ನಿನ್ನ ಮಾವನಿಗೆ, “ಅಣ್ಣಾ, ನಿನ್ನ ಕುರಿ ನನ್ನ ಬದುವಿನ ಮ್ಯಾಲ ಬಂದ್ರ ನನಗ ಟೆನ್ಶನ್ ಆಗ್ತದ ನೋಡು” ಎಂದು ದನಿ ಏರಿಸಿದರು. ಅದು ಬರೀ ಸಿಟ್ಟು. ಸಿಟ್ಟಿಗೂ ಇದೇ ಹೆಸರು ಎಂದು ಆಗ ತಿಳಿಯಿತು. ಮೊದಲು ಆ ದಾರಿಯೆಲ್ಲ ಬೀಳುಭೂಮಿ, ಕುರಿ ಎಲ್ಲಿ ಬೇಕಾದಲ್ಲಿ ಹೋಗುತ್ತಿದ್ದವು. ಕಾಲುವೆ ಬಂದ ಮೇಲೆ ಕುರಿಗೂ ಭತ್ತಕ್ಕೂ ದಿನಾ ಜಗಳ.

ಖಾಸಿಂಬೀ ಅಕ್ಕ ಬಳೆಯ ಬುಟ್ಟಿಯನ್ನು ಹೊರಗೆ ಇಟ್ಟು ಒಳಗೆ ಬಂದು ಕುಳಿತಳು. ನಮ್ಮ ಮನೆಗೆ ಈಗ ಬುಟ್ಟಿ ತರುವುದಿಲ್ಲ, ಬರೀ ತಾನು ಬರುತ್ತಾಳೆ. ಅವಳನ್ನೂ ಕೇಳಿದೆ.

“ಮದಲ ನಾವು ಜೀವಕ್ಕ ಬ್ಯಾಸರಾಗೇದ ಅಂತಿದ್ವಿ, ಎದಿ ಧಸಕ್ಕಂತು ಅಂತಿದ್ವಿ, ಹೊಟ್ಯಾಗ ಸಂಕಟ ಅಂತಿದ್ವಿ. ಅಂದ್ರ ಕೇಳಾಕಿ ಬಾಜೂಕ ಕುಂತು, ಯಾಕವ್ವ ಏನಾತವ್ವ ಅಂತ ಎಲ್ಲಾ ಕೇಳ್ತಿದ್ದಳು. ಈಗ ಟೆನ್ಶನ್ ಅಂದ್ರ ಮುಗೀತು. ಹೌದಾ ಅಂದು ಎದ್ದು ಹೋಗ್ತಾರ. ಚಲೋ ಮಾತದ ಬಾಲಮ್ಮ. ಬಾಗಿಲಾ ಹಾಕ್ಕೊಂಡಂಗ.”

ಅವಳು ಹೋದ ಮೇಲೆ ಆ ಮಾತು ನನ್ನ ಹತ್ತಿರವೇ ಉಳಿಯಿತು.

ನೀನು ಯಾವಾಗ ಬರುತ್ತೀ?

ನಿನ್ನ ಅತ್ತೆ,
ಬಾಲಮ್ಮ


ರಂಗಂಪೇಟೆ
15-2-1997

ಅತ್ತೆಯವರಿಗೆ ನಮಸ್ಕಾರ.

ಹಣೆಗೆ ಮಚ್ಚೆ ಇರುವ ಮರಿಯನ್ನು ಮಾರಬೇಡಿ.

ಒಂದು ವಿಷಯ ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡವೆಂದು ನಾನೇ ಬರೆಯುತ್ತಿದ್ದೇನೆ. ಸೋಮವಾರ ಶಹಾಪುರದಿಂದ ಇಬ್ಬರು ಹಿರಿಯರು ಬಂದಿದ್ದರು. ಉಡಿಕೆಯ ಮಾತು, ನನ್ನನ್ನು ಮರುಮದುವೆಗೆ ಕೇಳಲು. ಅವರ ಹುಡುಗನ ಹೆಂಡತಿ ಹೋದ ವರ್ಷ ತೀರಿಕೊಂಡಳಂತೆ, ಮಕ್ಕಳಿಲ್ಲ. ಸೈಕಲ್ ರಿಪೇರಿಯ ಅಂಗಡಿ ಇದೆಯಂತೆ. ನಾನು ಒಳಗೇ ಇದ್ದೆ. ಅವರು ಹೋದ ಮೇಲೆ ಅಣ್ಣ ಬಾಗಿಲಲ್ಲಿ ನಿಂತು, “ಏನಂತಿ ತಂಗಿ?” ಎಂದ. ನನಗೆ ಟೆನ್ಶನ್ ಆಗಿದೆ ಎಂದೆ. ಅವನು ತಿರುಗಿ ಹೋದ. ಯುಗಾದಿ ಆಗಲಿ ಎಂದು ಹೊರಗೆ ಯಾರಿಗೋ ಹೇಳುತ್ತಿದ್ದ.

ಬೇರೆ ವಿಶೇಷವಿಲ್ಲ. ತೋಳು ಕೂಡಿಸುವುದು ಬಂತು.

ನಿಮ್ಮ ಸೊಸೆ,
ದೇವಕಮ್ಮ


ಹುಣಸಗಿ
27-2-1997, ಗುರುವಾರ

ಚಿ. ದೇವಕಮ್ಮನಿಗೆ,

ಬೆಳಿಗ್ಗೆ ಹತ್ತು ಗಂಟೆ. ಇವತ್ತು ಕುರಿ ಮೇಯಲು ಹೋಗಿಲ್ಲ, ದೊಡ್ಡಿಯಲ್ಲೇ ನಿಂತಿವೆ. ಅದಕ್ಕೆ ಕಾರಣವನ್ನು ಹೇಳುತ್ತೇನೆ.

ಶಹಾಪುರದವರ ವಿಷಯ ಓದಿದೆ.

ಉಣ್ಣೆ ಕತ್ತರಿಸುವ ಅಂಬ್ರಪ್ಪ ಬೆಳಿಗ್ಗೆಯೇ ಕತ್ತರಿ ಮಸೆದುಕೊಂಡು ಬಂದಿದ್ದ. ನಮ್ಮ ಕುರಿಗಳನ್ನು ನೋಡಿ ಗಲ್ಲದ ಮೇಲೆ ಕೈಯಿಟ್ಟ. ದೀಪಾವಳಿಯ ಹೊತ್ತಿಗೆ ಆಗಬೇಕಿದ್ದ ಕತ್ತರಿ ಆಗಲಿಲ್ಲವಲ್ಲ, ಉಣ್ಣೆ ಗಂಟುಗಂಟಾಗಿ ಹೊಟ್ಟೆಯ ಕೆಳಗೆ ಜೋಲುತ್ತಿದೆ. ಮೈಗೆ ಹೇನು ಹತ್ತಿ ಗೋಡೆಗೆ ತಿಕ್ಕಿಕೊಂಡು ಗೋಡೆಯ ಮಣ್ಣು ಉದುರುತ್ತಿದೆ.

“ಏ ಮಾವಾ, ಇವು ಕುರಿ ಏನು ಕರಡಿ? ಬಿಸಿಲು ಏರಾಕತ್ತೇದ. ಇಂದ ತೊಳಸು, ನಾಳಿ ಕತ್ತರಸ್ತೀನಿ.”

ನಿನ್ನ ಮಾವ ಕುಂಟ ಕುರಿಯ ಬೆನ್ನಿನ ಉಣ್ಣೆ ಹಿಡಿದು ನೋಡಿದರು.

“ಎಲ್ಲಿ ತೊಳಸ್ಲಿ?” ಎಂದರು.

ಅಂಬ್ರಪ್ಪ ಕತ್ತರಿಯನ್ನು ಅರಿವೆಯಲ್ಲಿ ಸುತ್ತಿದ. ಹಳ್ಳದಲ್ಲಿ ಈಗ ನೀರಿಲ್ಲ. ಊರಿನವರೆಲ್ಲ ಕಾಲುವೆಯಲ್ಲೇ ತೊಳೆಯುತ್ತಾರೆ. ಹಳ್ಳದ ಮರಳಿನಲ್ಲಿ ಕಾಲೂರಿ ನಿಂತು ಕುರಿ ತೊಳೆದು ಕಲಿತ ಮಂದಿ ನಾವು. ಕಾಲುವೆಗೆ ಮರಳಿಲ್ಲ, ಇಳಿಜಾರು ಕಲ್ಲು, ಅದರ ಮೇಲೆ ಪಾಚಿ. ಕಾಲು ಜಾರಿದರೆ ಹಿಡಿಯಲು ಒಂದು ಗಿಡವಿಲ್ಲ. ಇದು ಹಳ್ಳವಲ್ಲ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನೀರು ನೀರೇ ಎಂದುಕೊಂಡೆವು.

“ಮತ್ತ ಯಾವಾಗ ಬರ್ಲಿ ಮಾವಾ?” ಎಂದ ಅಂಬ್ರಪ್ಪ.

“ನನಗ ಟೆನ್ಶನ್ ಆಗೇದ. ನೀ ಹೋಗು” ಎಂದರು ನಿನ್ನ ಮಾವ.

ಆ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು. ಅದನ್ನು ಎಲ್ಲಿ ಕಲಿತರೋ. ನಾಲ್ಕು ತಿಂಗಳಿಂದ ಅವರು ಕಣ್ಣಲ್ಲಿ ನೀರು ತೆಗೆದಿಲ್ಲ, ಯಾರ ಹೆಸರನ್ನೂ ಎತ್ತಿಲ್ಲ. ಈ ಒಂದು ಮಾತು ಹೇಳಿ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ನಾನು ಹತ್ತಿರ ಹೋಗಿ ಕೇಳಲಿಲ್ಲ. ಕೇಳಬೇಕಿತ್ತೋ ಏನೋ.

ನಿನ್ನ ಅತ್ತೆ,
ಬಾಲಮ್ಮ


ಹುಣಸಗಿ
9-3-1997, ಭಾನುವಾರ

ಚಿ. ದೇವಕಮ್ಮನಿಗೆ,

ಮಧ್ಯಾಹ್ನ ಎರಡು ಗಂಟೆ. ಇವತ್ತು ಬೇರೆ ಕೆಲಸವೇನೂ ಮಾಡಲಿಲ್ಲ. ಉತ್ತರ ಬರಲಿಲ್ಲವೆಂದು ಕಾರ್ಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ನಳದ ಹತ್ತಿರ ಮಲ್ಲಿಕಮ್ಮ, “ಯಾಕಕ್ಕ, ಕೊಡ ತುಂಬಿ ಚೆಲ್ಲಾಕತ್ತೇದ, ನೀ ಹಂಗ ನಿಂತೀಯಲ್ಲ?” ಎಂದಳು. “ಟೆನ್ಶನ್ ನೋಡವ್ವ” ಎಂದೆ. ನನ್ನ ಬಾಯಿಂದಲೇ ಬಂತು. ಅವಳು ಪಾಪ ಎಂದು ತನ್ನ ಕೊಡ ಹೊತ್ತು ಹೋದಳು. ಹೋದಳಲ್ಲ ಎಂದು ಮೊದಲು ಹಗುರಾಯಿತು. ಮನೆ ಮುಟ್ಟುವಷ್ಟರಲ್ಲಿ, ಯಾಕೆ ಹೋದಳು ಎನ್ನಿಸಿತು.

ಆ ಮಾತು ಯಾವ ಕೆಲಸಕ್ಕೆ ಬರುತ್ತದೆಂದು ಈಗ ನನಗೂ ಗೊತ್ತಾಯಿತು. ನಾನು ಎದ್ದು ಹೋಗುವುದಿಲ್ಲ. ನೀನು ಬರೆ.

ಬಾಲಮ್ಮ


ರಂಗಂಪೇಟೆ
14-3-1997

ಅತ್ತೀ,

ಬರೆಯುವಾಗ ಅತ್ತೆಯವರಿಗೆ ಎಂದು ಬರೆಯಬೇಕು. ಇವತ್ತು ಹಾಗೆ ಬರೆಯಲು ಆಗುತ್ತಿಲ್ಲ.

ನಿಮ್ಮ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಕುರಿಯ ಸುದ್ದಿ ಇದೆ, ಮರಿಯ ಸುದ್ದಿ ಇದೆ, ಮೈನುದ್ದೀನನ ಚಿಲ್ಲರೆಯ ಸುದ್ದಿ ಇದೆ. ಅವರ ಹೆಸರು ಒಂದು ಕಡೆಯೂ ಇಲ್ಲ. ಇಲ್ಲಿಯೂ ಇಲ್ಲ. ಅಣ್ಣ ‘ಆ ವಿಷಯ’ ಎನ್ನುತ್ತಾನೆ. ಅತ್ತಿಗೆ ನನ್ನನ್ನು ನೋಡಿದ ಕೂಡಲೇ ಮಾತು ಬದಲಿಸುತ್ತಾಳೆ. ನಾನಂತೂ ಬಾಯಿ ಬಿಟ್ಟು ಹೇಳುವಂತಿಲ್ಲ, ಗಂಡನ ಹೆಸರು. ಮದುವೆಯ ದಿನ ಒಗಟು ಕಟ್ಟಿ ಹೇಳಿಸಿದಿರಲ್ಲ, ಅದೇ ಮೊದಲು, ಅದೇ ಕೊನೆ. ಹೇಳುವ ಹಕ್ಕು ಇರುವವರು ನೀವು. ನೀವೂ ಹೇಳದಿದ್ದರೆ ಆ ಹೆಸರು ಯಾರ ಬಾಯಲ್ಲಿ ಇರಬೇಕು?

ನನ್ನದು ಏನೆಂದು ಕೇಳಿದಿರಿ. ಹೇಳುತ್ತೇನೆ. ಮಣ್ಣು ಆಗಿ ಮೂರು ದಿನದ ಮೇಲೆ ನನಗೆ ಹೇಳಿದರು. ಜ್ವರ ಏರೀತು ಎಂದು ಅಣ್ಣ ಅಂಜಿದ್ದ. ನಾನು ಮುಖ ನೋಡಲಿಲ್ಲ. ನೋಡದೆ ಇದ್ದುದಕ್ಕೆ, ಅವರು ಹೋದರು ಎಂಬುದು ಇನ್ನೂ ಒಳಗೆ ಇಳಿಯುತ್ತಿಲ್ಲ. ಸಂಜೆ ಓಣಿಯಲ್ಲಿ ಕುರಿ ಹೋದರೆ ಕಿವಿ ಅವರ ಶಿಳ್ಳೆಗೆ ಕಾಯುತ್ತದೆ. ಇದನ್ನು ಅಣ್ಣನ ಮುಂದೆ ಹೇಳಿದರೆ ತಪ್ಪು ತನ್ನದೆಂದು ಕೊರಗುತ್ತಾನೆ. ಅತ್ತಿಗೆಯ ಮುಂದೆ ಹೇಳಿದರೆ ತನ್ನ ಎದೆಹಾಲು ಆರುತ್ತದೆ ಎನ್ನುತ್ತಾಳೆ. ಅದಕ್ಕೆ ಟೆನ್ಶನ್ ಅಂದೆ. ಗುಳಿಗೆ ಕೊಟ್ಟು ಬಿಟ್ಟುಬಿಡುತ್ತಾರೆ.

ನಾನು ಯಾಕೆ ಬರಲಿಲ್ಲ ಎಂದರೆ, ನೀವು ನನ್ನ ಮೇಲೆ ಸಿಟ್ಟಾಗಿದ್ದೀರಿ ಎಂದುಕೊಂಡಿದ್ದೆ. ಊರ ಹೆಂಗಸರೆಲ್ಲ ಅತ್ತು ಹೋದ ಮೇಲೆ, ಹೆಂಡತಿಯಾದವಳು ತವರಲ್ಲಿ ಹೊಲಿಗೆ ಕಲಿಯುತ್ತ ಕುಳಿತಳು. ಬಂದರೆ ಕೊರಳು ಕೊಡುತ್ತೀರೋ ಇಲ್ಲವೋ.

ಶಹಾಪುರದವರಿಗೆ ಹೂಂ ಅನ್ನಲೂ ಆಗುತ್ತಿಲ್ಲ, ಬೇಡ ಅನ್ನಲೂ ಆಗುತ್ತಿಲ್ಲ. ಇದನ್ನು ಅಳದೆ ಅದನ್ನು ಹೇಗೆ ಹೇಳಲಿ?

ದೇವಕಮ್ಮ


ಹುಣಸಗಿ
20-3-1997, ಗುರುವಾರ

ದೇವಕಮ್ಮಾ,

ಸಂಜೆ ಐದು ಗಂಟೆ. ನಿನ್ನ ಕಾಗದ ನಿನ್ನೆ ಬಂತು. ನಿನ್ನ ಮಾವನ ಮುಂದೆ ಕುಳಿತು ಗಟ್ಟಿಯಾಗಿ ಓದಿದೆ. ಅವರು ಕೇಳಿ, “ತಾಯಪ್ಪ ಅಂತ ಬರಿ ಆಕಿಗಿ” ಎಂದರು. ಅಷ್ಟು ಹೇಳಿ ದೊಡ್ಡಿಯ ಕಡೆ ಹೋದರು. ಅಲ್ಲಿ ಕುರಿಗಳ ನಡುವೆ ನಿಂತು ಅತ್ತರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಈ ಸಲ ಬಿಟ್ಟು ಬರಲಿಲ್ಲ.

ತಾಯಪ್ಪ. ಬರೆದೆ. ತಾಯಪ್ಪ ಹುಟ್ಟಿದ್ದು ನಾವು ಕುರಿಯ ಜೊತೆ ಅಡವಿಗೆ ಹೋದಾಗ, ಕೊಂಕಲ್ ಕಡೆಯ ಹೊಲವೊಂದರಲ್ಲಿ. ತಾಯಪ್ಪನಿಗೆ ಮೊದಲ ಹಲ್ಲು ಬಂದಾಗ ಅಪ್ಪನ ಕಂಬಳಿ ಕಚ್ಚಿ ಎಳೆಯುತ್ತಿದ್ದ. ತಾಯಪ್ಪ ಶಿಳ್ಳೆ ಕಲಿತದ್ದು ಶಾಲೆಯಲ್ಲಿ, ಅದಕ್ಕೇ ಮಾಸ್ತರರಿಂದ ಏಟು ತಿಂದ. ನಿನ್ನನ್ನು ನೋಡಲು ರಂಗಂಪೇಟೆಗೆ ಬಂದು ತಿರುಗಿ ಹೋಗುವಾಗ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, “ಯವ್ವಾ, ಹುಡುಗಿ ಭಾಳ ಓದ್ಯಾಳ, ನನಗ ಅಂಜಿಕಿ ಬರಾಕತ್ತೇದ” ಎಂದಿದ್ದ. ಅವನು ಟೆನ್ಶನ್ ಎನ್ನಲಿಲ್ಲ. ಅಂಜಿಕೆ ಎಂದ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಇಂಥವು ನನ್ನ ಹತ್ತಿರ ಬಹಳ ಇವೆ, ಎಲ್ಲ ನಿನ್ನವು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕುರಿಯವರ ಮನೆಗೆ ಹೆಣ್ಣು ಕೊಟ್ಟು ಕೆಟ್ಟೆವೆಂದು ನಿಮ್ಮವರು ನಮ್ಮನ್ನು ದೂರುತ್ತಿರಬಹುದು, ಅದಕ್ಕೇ ಕಳಿಸುತ್ತಿಲ್ಲ ಎಂದು ನಾನು ತಿಳಿದಿದ್ದೆ. ನೀನು ಅಲ್ಲಿ ಅಂಜಿ ಕುಳಿತೆ, ನಾನು ಇಲ್ಲಿ.

ಇವತ್ತು ಮಧ್ಯಾಹ್ನ ಅಂಬ್ರಪ್ಪನ ಜೊತೆ ಭಗವಂತರಾಯರು ಬಂದರು. ಮತ್ತೆ ಜಗಳವೆಂದು ನಾನು ಸೆರಗು ಬಿಗಿದು ಹೊರಗೆ ಬಂದೆ. ಅವರು ಕಟ್ಟೆಯ ಮೇಲೆ ಕುಳಿತರು.

“ಅಣ್ಣಾ, ನಾಳಿ ನೀರಿನ ಪಾಳಿ ನಂದು. ನನ್ನ ಹೊಲಗಾಲಿವ್ಯಾಗ ಮಣಕಾಲು ಮಟ ನೀರು ಬರ್ತದ. ತಳಾ ಬರೇ ಮಣ್ಣು, ಜಾರಂಗಿಲ್ಲ. ಕುರಿ ಅಲ್ಲೇ ತೊಳಸ್ಕೊ.”

“ನಿನ್ನ ಬದು ತುಳೀತಾವ.”

“ತುಳೀಲಿ ಬಿಡು.”

“ಭತ್ತಕ್ಕ ಬಾಯಿ ಹಾಕ್ತಾವ.”

“ಒಂದ್ ಬಾಯಿ ತಿಂತಾವ. ನಾ ಏನು ಸಾಯ್ತೀನಿ?”

“ಆಮ್ಯಾಲ ಟೆನ್ಶನ್ ಟೆನ್ಶನ್ ಅಂತ ಮನಿ ಮುಂದ ಬಂದು ನಿಂದರ್ತೀ” ಎಂದರು ನಿನ್ನ ಮಾವ.

ಭಗವಂತರಾಯರು ನಕ್ಕರು. ಅಂಬ್ರಪ್ಪ ನಕ್ಕ. ನಿನ್ನ ಮಾವನ ಮೀಸೆಯೂ ಸ್ವಲ್ಪ ಅಲುಗಿತು. ಚಹಾ ಕುಡಿಸದೆ ಯಾರನ್ನೂ ಕಳಿಸಲಿಲ್ಲ.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ಮೈನುದ್ದೀನ ಸಂಜೆಯ ಬಸ್ಸಿಗೆ ಹೋಗುವವನಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ತಿಮ್ಮಣ್ಣನಿಗೂ ಓದಿ ಹೇಳು. ಅವನದು ತಪ್ಪಿಲ್ಲ ಎಂದು ನಾನು ಹೇಳಿದೆ ಎನ್ನು. ಅವನೇ ಕರೆದುಕೊಂಡು ಬರಲಿ.

ಬಂದವಳು ಮನೆಗೆ ಹೋಗಬೇಡ, ನೇರ ಭಗವಂತರಾಯರ ಹೊಲಕ್ಕೆ ಬಾ. ನಾನು ಅಲ್ಲೇ ಕುರಿ ಹಿಡಿಯುತ್ತ ಇರುತ್ತೇನೆ. ಕೈ ಒದ್ದೆಯಿದ್ದರೂ ಕೊರಳು ಕೊಡುತ್ತೇನೆ. ನೀನು ಹೆಸರು ಹೇಳುವುದು ಬೇಡ, ನಾನು ಹೆಸರು ಹಿಡಿದು ಅಳುತ್ತೇನೆ, ನೀನು ಜೊತೆಗೆ ಅಳು. ಬಾಯಿಗೆ ಬಂದರೆ ಹೇಳಿಯೇ ಬಿಡು, ಯಾರೂ ಬೈಯುವುದಿಲ್ಲ. ಆಮೇಲೆ ಮಣ್ಣು ಕೊಟ್ಟ ಜಾಗವನ್ನು ನಿನ್ನ ಮಾವ ತೋರಿಸುತ್ತಾರೆ.

ಶಹಾಪುರದ ಮಾತು ಅದರ ನಂತರ. ಹಿರಿಯರು ಬಂದು ನನ್ನನ್ನು ಕೇಳಿದರೆ, “ಆಕಿ ಹೂಂ ಅಂದ್ರ ನಮ್ದೂ ಹೂಂ, ಆಕಿ ಒಲ್ಲೆ ಅಂದ್ರ ನಮ್ದೂ ಒಲ್ಲೆ” ಎನ್ನುತ್ತೇನೆ. ಯಾವಾಗ ಬರುತ್ತೀ ಎಂದು ಕೇಳುತ್ತ ಬಂದೆ. ಇನ್ನು ಮುಂದೆ ಕೇಳುವುದಿಲ್ಲ. ಹೋದರೂ ನೀನು ನಮ್ಮವಳೇ. ಮಚ್ಚೆಯ ಮರಿಯನ್ನು ಮಾರಿಲ್ಲ, ನಿನ್ನ ಹೆಸರಿಗೆ ಬಿಟ್ಟಿದ್ದೇನೆ.

ನಾಳೆ ಹೊಲಗಾಲುವೆಗೆ ನೀರು ಬೆಳಿಗ್ಗೆ ಆರಕ್ಕೆ ಬರುತ್ತದೆ. ಸುರಪುರದ ಮೊದಲ ಬಸ್ಸು ಹುಣಸಗಿಗೆ ಎಂಟಕ್ಕೆ.

ತಾಯಪ್ಪನ ಅವ್ವ,
ಬಾಲಮ್ಮ